ಬಲ್ಲವರು ಹೇಳದೆ ಹೋದರೆ...
(ದುಡಿಮೆಯ ತಾಣದಲ್ಲಿ ತಿಳಿವಳಿಕೆಯ ವಿನಿಮಯ: ಒಬ್ಬ ವೈದ್ಯನ ಅನುಭವ)

ನಮ್ಮ ಹಳ್ಳಿಗಾಡಿನಲ್ಲಿ ನಾಟಿವೈದ್ಯರ ಬಗೆಗೆ ಒಂದು ನಂಬಿಕೆ ಬಹುಕಾಲದಿಂದ ಉಳಿದು ಬಂದಿದೆ. ಮದ್ದಿನ ಬೇರು ಯಾವುದೆಂದು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೊರಟುಹೋಗುತ್ತದೆ ಎಂಬುದೇ ಆ ನಂಬಿಕೆ. ಸೊಪ್ಪನ್ನು ಕಾಡಿನಿಂದ ಗುಟ್ಟಾಗಿ ತಂದು, ಯಾರೂ ಕಾಣದಂತೆ ಅರೆದು ಕೊಡುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಹಣವನ್ನೂ ಮುಟ್ಟದೆ ಚಿಕಿತ್ಸೆ ಮಾಡುತ್ತಿದ್ದ ಆ ಪುಣ್ಯವಂತರು ಗುಟ್ಟನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಅವಸಾನಕಾಲದಲ್ಲಿ ಮಗನಿಗೆ ಹೇಳಿದರೆ ಉಂಟು. ಆ ಕಾಲದಲ್ಲಿ ಮಗ ಬಳಿಯಲ್ಲಿ ಇಲ್ಲದೆ ಹೋದರೆ ಆ ವಿದ್ಯೆ ಚಿತೆಯೊಂದಿಗೇ ಉರಿದು ಬೂದಿಯಾಗುತ್ತಿತ್ತು. ಹೀಗೆ ಅಳಿದುಹೋದ ತಿಳಿವಳಿಕೆ ಎಷ್ಟೆಂಬುದನ್ನು ಇಂದು ಲೆಕ್ಕಹಾಕುವವರು ಯಾರು?

ಇದನ್ನು ಅಜ್ಞಾನವೆಂದು ನಗುವವರು ತಮ್ಮ ಕಚೇರಿ, ಕಾರ್ಖಾನೆ, ಬ್ಯಾಂಕು, ಹೋಟೆಲುಗಳತ್ತ ಒಮ್ಮೆ ಕಣ್ಣು ಹಾಯಿಸಬೇಕು. ‘ಆ ಫೈಲು ಅವರಿಗೆ ಮಾತ್ರ ಗೊತ್ತು’, ‘ಆ ಯಂತ್ರ ಅವರ ಕೈಗೆ ಮಾತ್ರ ಬಗ್ಗುತ್ತದೆ’, ‘ಅವರು ರಜೆಯ ಮೇಲೆ ಹೋದರೆ ಕೆಲಸವೇ ನಿಲ್ಲುತ್ತದೆ’ ಎಂಬ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ, ಹೊಗಳಿಕೆಯೆಂದೇ ಆಡುತ್ತೇವೆ. ಕಾಡಿನ ನಾಟಿವೈದ್ಯ ಷರಟು ತೊಟ್ಟು ನಗರಕ್ಕೆ ಬಂದಿದ್ದಾನೆ, ಅಷ್ಟೇ. ಆರೋಗ್ಯದ ವಿಷಯವಾಗಿ ಬರೆಯಬೇಕೆಂದು ಸಂಘದ ಮಿತ್ರರು ಕೇಳಿದಾಗ ಸಕ್ಕರೆರೋಗ, ರಕ್ತದೊತ್ತಡಗಳ ಬದಲು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಆಸ್ಪತ್ರೆಯಲ್ಲಿ ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪದೆ ಹೋದರೆ ಹೋಗುವುದು ಲಾಭವಲ್ಲ, ಪ್ರಾಣ. ಆದುದರಿಂದ ಅಲ್ಲಿ ಕಲಿತ ಪಾಠ ಉಳಿದೆಲ್ಲ ಕೆಲಸಗಳಿಗೂ ಅನ್ವಯಿಸುತ್ತದೆ.

ಬೀಗದ ಕಪಾಟಿನ ಕಥೆ

ನಾನು ಹಲವು ವರ್ಷ ದುಡಿದ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಡೆದ ಘಟನೆ ಇದು. ಆಸ್ಪತ್ರೆಯ ಹೆಸರು ಇಲ್ಲಿ ಮುಖ್ಯವಲ್ಲ. ಇಂಥದು ಎಲ್ಲಿ ಬೇಕಾದರೂ ನಡೆಯಬಹುದು.

ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಮಿತಭಾಷಿ, ಶಿಸ್ತಿನ ಮೂರ್ತಿ. ಪೊಟ್ಯಾಸಿಯಂ ಕ್ಲೋರೈಡಿನ ಆಂಪೂಲುಗಳನ್ನು ಅವರು ಉಳಿದ ಔಷಧಗಳ ಜೊತೆ ಇಡುತ್ತಿರಲಿಲ್ಲ. ಮೂಲೆಯ ಸಣ್ಣ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ದೇಹಕ್ಕೆ ಅಗತ್ಯವಾದ ಲವಣವೇ ಆದರೂ ಈ ಔಷಧವನ್ನು ಹೆಚ್ಚು ಪ್ರಮಾಣದ ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಕೊಡಬೇಕು. ಬೆರೆಸದೆ ನೇರವಾಗಿ ನಾಳಕ್ಕೆ ಚುಚ್ಚಿದರೆ ಕ್ಷಣಾರ್ಧದಲ್ಲಿ ಹೃದಯ ನಿಂತುಹೋಗುತ್ತದೆ. ಅದರ ಆಂಪೂಲು ನೋಡುವುದಕ್ಕೆ ಶುದ್ಧಜಲದ ಆಂಪೂಲಿನಂತೆಯೇ ಇತ್ತು. ಎಂದೋ ಒಂದು ದಿನ ಕೂದಲೆಳೆಯಲ್ಲಿ ತಪ್ಪಿದ ಅನಾಹುತದಿಂದ ಸಿಸ್ಟರ್ ಈ ಪಾಠ ಕಲಿತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಆದರೆ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಅವರನ್ನು ಕೇಳಿರಲೂ ಇಲ್ಲ.

ಸಿಸ್ಟರ್ ನಿವೃತ್ತರಾದರು. ಹಾರ, ಶಾಲು, ಬೆಳ್ಳಿಯ ದೀಪ, ಭಾಷಣ ಎಲ್ಲವೂ ವಿಧಿವತ್ತಾಗಿ ನಡೆದವು. ಕೀಲಿಗೊಂಚಲು ಮರುದಿನ ಹೊಸಬರ ಕೈಸೇರಿತು. ಕೀಲಿಯ ಹಿಂದಿನ ಕಾರಣ ಮಾತ್ರ ಸಿಸ್ಟರ್ ಜೊತೆಗೆ ಊರಿಗೆ ಹೋಯಿತು. ತಿಂಗಳೊಳಗೆ, ವಾರ್ಡು ಅಚ್ಚುಕಟ್ಟಾಗಿರಲಿ ಎಂಬ ಸದುದ್ದೇಶದಿಂದಲೇ, ಹೊಸಬರು ಆಂಪೂಲುಗಳನ್ನೆಲ್ಲ ಒಂದೇ ತಟ್ಟೆಗೆ ತಂದರು. ಒಂದು ರಾತ್ರಿ ಪಾಳಿಯಲ್ಲಿ, ಸೂಜಿನಳಿಕೆಯನ್ನು ಶುದ್ಧಜಲದಿಂದ ತೊಳೆಯಲು ಹೊರಟ ಎಳೆಯ ನರ್ಸೊಬ್ಬಳ ಕೈಗೆ ಬಂದದ್ದು ಆ ಇನ್ನೊಂದು ಆಂಪೂಲು. ಪಕ್ಕದಲ್ಲಿದ್ದ ಸಹೋದ್ಯೋಗಿ ಅಕಸ್ಮಾತ್ತಾಗಿ ಅದರ ಮೇಲಿನ ಅಕ್ಷರ ಓದಿ ಕೈಹಿಡಿಯದಿದ್ದರೆ ರೋಗಿ ಬದುಕುತ್ತಿರಲಿಲ್ಲ.

ಮುಂದೆ ನಡೆದದ್ದು ಇನ್ನೂ ಶೋಚನೀಯ. ತಾನೇ ಮುಂದಾಗಿ ವಿಷಯ ತಿಳಿಸಿದ ಆ ಹುಡುಗಿಗೆ ಮೆಮೊ ಬಂತು. ಎಲ್ಲರೆದುರು ಛೀಮಾರಿಯೂ ಆಯಿತು. ಆಮೇಲೆ ಆರು ತಿಂಗಳ ಕಾಲ ವಾರ್ಡಿನ ಅವಘಡ ಪುಸ್ತಕದಲ್ಲಿ ಒಂದು ಸಾಲೂ ಬೀಳಲಿಲ್ಲ. ‘ನೋಡಿದಿರಾ, ಶಿಸ್ತುಕ್ರಮದ ಪರಿಣಾಮ!’ ಎಂದು ಅಂದಿನ ಮೇಲಧಿಕಾರಿಗಳು ಸಂತೋಷಪಟ್ಟರು. ಆ ಖಾಲಿ ಪುಟಗಳನ್ನು ಕಂಡು ನಾನೂ ಸಂತೋಷಪಟ್ಟೆನೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ಕೈ ಬಲ್ಲುದನ್ನು ಬಾಯಿ ಹೇಳಲಾರದು

ಜ್ಞಾನವೆಂದರೆ ಪುಸ್ತಕದಲ್ಲಿರುವುದಷ್ಟೇ ಎಂದು ನಾವು ಭಾವಿಸುತ್ತೇವೆ. ಆದರೆ ಕೆಲಸದ ಜ್ಞಾನದಲ್ಲಿ ಬಹುಭಾಗ ಬರಹಕ್ಕೆ ಇಳಿದಿರುವುದಿಲ್ಲ. ಉಡುಪಿ ಹೋಟೆಲಿನ ಅಡುಗೆಭಟ್ಟರನ್ನು ದೋಸೆಯ ಹಿಟ್ಟು ಹುಳಿಬಂದದ್ದು ಹೇಗೆ ತಿಳಿಯುತ್ತದೆಂದು ಕೇಳಿ ನೋಡಿ. ‘ನೋಡಿದರೆ ಗೊತ್ತಾಗುತ್ತದೆ ಮಾರಾಯ್ರೆ’ ಎಂದಾರು. ಮುಂಬಯಿಯ ಮಳೆಗಾಲದ ರಾತ್ರಿಗೂ ಡಿಸೆಂಬರಿನ ರಾತ್ರಿಗೂ ಇರುವ ವ್ಯತ್ಯಾಸ ಅವರ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಮೈಕೇಲ್ ಪೋಲಾನಿ ಎಂಬ ಚಿಂತಕರು 1966ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಇಂಥ ಮೌನಜ್ಞಾನದ ಸ್ವರೂಪವನ್ನು ವಿವೇಚಿಸಿದ್ದಾರೆ.

ಇಂಥ ಜ್ಞಾನವನ್ನು ಪಡೆಯುವ ಬಗೆ ಹೇಗೆ? ಜಪಾನಿನ ಮತ್ಸುಶಿತಾ ಸಂಸ್ಥೆ 1980ರ ದಶಕದಲ್ಲಿ ಮನೆಯಲ್ಲೇ ಬ್ರೆಡ್ಡು ತಯಾರಿಸುವ ಯಂತ್ರವನ್ನು ನಿರ್ಮಿಸಲು ಹೊರಟಾಗ ಹಿಟ್ಟು ಸರಿಯಾಗಿ ಹದಗೊಳ್ಳಲಿಲ್ಲ. ಎಂಜಿನಿಯರುಗಳ ಲೆಕ್ಕಾಚಾರವೆಲ್ಲ ಸೋತಿತು. ಆಗ ಇಕುಕೊ ತನಾಕಾ ಎಂಬ ಮಹಿಳೆ ಒಸಾಕಾದ ಒಂದು ಪ್ರಸಿದ್ಧ ಹೋಟೆಲಿನ ಮುಖ್ಯ ಬಾಣಸಿಗನ ಬಳಿ ಶಿಷ್ಯವೃತ್ತಿ ಮಾಡಿದಳು. ಆತ ಹಿಟ್ಟನ್ನು ನಾದುವಾಗ ಅದನ್ನು ಎಳೆದು ತಿರುಚುವುದನ್ನು ಕಣ್ಣಾರೆ ಕಂಡು, ಕೈಯಾರೆ ಕಲಿತು ಬಂದಳು. ಯಂತ್ರದ ಒಳಮೈಗೆ ಏಣುಗಳನ್ನಿಟ್ಟು ಆ ತಿರುಚುವಿಕೆಯನ್ನು ಸಾಧಿಸಿದರು. 1995ರಲ್ಲಿ ನೊನಾಕಾ ಮತ್ತು ತಾಕೆಉಚಿ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಈ ಕಥೆಯನ್ನು ವಿಸ್ತರಿಸಿ ಬರೆದು ಪ್ರಸಿದ್ಧಗೊಳಿಸಿದರು. ಇಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ: ಬಾಣಸಿಗ ಮನಸ್ಸು ಬಿಚ್ಚಿ ಕಲಿಸಿದ; ಹಾಗೆ ಹೋಗಿ ಕಲಿಯಲು ಸಂಸ್ಥೆ ಆಕೆಗೆ ಕಾಲಾವಕಾಶ ಕೊಟ್ಟಿತು. ಎರಡರಲ್ಲಿ ಒಂದು ತಪ್ಪಿದ್ದರೂ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತಿತ್ತು.

ಮುಚ್ಚಿಡುವುದೇಕೆ?

ತಿಳಿದದ್ದನ್ನು ಹೇಳದವರೆಲ್ಲ ಸ್ವಾರ್ಥಿಗಳೆಂದು ದೂರುವುದು ಸುಲಭ. ನನ್ನ ಅನುಭವ ಬೇರೆ. ಜನ ಬಾಯಿ ಮುಚ್ಚಿಕೊಳ್ಳುವುದಕ್ಕೆ ಸ್ವಭಾವಕ್ಕಿಂತ ಸುತ್ತಲಿನ ವಾತಾವರಣವೇ ಹೆಚ್ಚಿನ ಕಾರಣ.

ಮೊದಲನೆಯದು ಬೆಲೆ ಕಳೆದುಕೊಳ್ಳುವ ಅಂಜಿಕೆ. ನನಗೆ ಮಾತ್ರ ತಿಳಿದಿರುವುದು ಎಲ್ಲರಿಗೂ ತಿಳಿದರೆ ನನ್ನನ್ನು ಕೇಳುವವರಾರು? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ಈ ಅಂಜಿಕೆ ಸಹಜವೇ. ಎರಡನೆಯದು ನಗೆಗೀಡಾಗುವ ಭಯ. ‘ಇಷ್ಟೂ ಗೊತ್ತಿಲ್ಲವೇ?’ ಎಂದು ಒಮ್ಮೆ ಕೇಳಿಸಿಕೊಂಡವನು ಎರಡನೆಯ ಬಾರಿ ಪ್ರಶ್ನೆ ಕೇಳುವುದಿಲ್ಲ. ಮೂರನೆಯದು ಶಿಕ್ಷೆಯ ಭಯ. ನಮ್ಮ ನರ್ಸಿಗೆ ಬಂದ ಮೆಮೊ ಇದಕ್ಕೆ ಸಾಕ್ಷಿ. ನಾಲ್ಕನೆಯದು ಬಿಡುವಿಲ್ಲದಿರುವುದು. ಲೋಕಲ್ ರೈಲಿನ ವೇಳೆ ನೋಡಿಕೊಂಡು ಓಡುವ ನೌಕರನಿಗೆ ಪಾಳಿ ಮುಗಿದ ಮೇಲೆ ನಿಂತು ವಿವರಿಸುವ ವ್ಯವಧಾನವೆಲ್ಲಿ? ಐದನೆಯದು ಶ್ರೇಣಿಯ ಗೋಡೆ. ಮಾವಶಿಯರ ಮಾತನ್ನು ನರ್ಸು ಕೇಳಬೇಕು, ನರ್ಸಿನ ಮಾತನ್ನು ವೈದ್ಯ ಕೇಳಬೇಕು ಎಂಬುದು ನಮ್ಮ ಸಂಸ್ಥೆಗಳ ರೂಢಿಯಲ್ಲಿ ಇಲ್ಲ. ಆರನೆಯದನ್ನು ಹೊರನಾಡಿನಲ್ಲಿರುವ ನಾವು ಚೆನ್ನಾಗಿ ಬಲ್ಲೆವು: ಅದು ಭಾಷೆಯ ತೊಡಕು. ಒಬ್ಬರು ಮಲಯಾಳಿ, ಇನ್ನೊಬ್ಬರು ಮರಾಠಿ, ಮತ್ತೊಬ್ಬರು ತುಳು ಮಾತನಾಡುವ ವಾರ್ಡಿನಲ್ಲಿ ಅರ್ಧ ತಿಳಿವಳಿಕೆ ಅನುವಾದದಲ್ಲೇ ಸೋರಿಹೋಗುತ್ತದೆ.

ಈ ಆರರಲ್ಲಿ ಒಂದನ್ನಾದರೂ ಕೆಳಗಿನ ನೌಕರನು ತಾನೊಬ್ಬನೇ ನಿವಾರಿಸಬಲ್ಲನೇ? ಇಲ್ಲ. ಆದುದರಿಂದಲೇ ಈ ವಿಷಯದಲ್ಲಿ ಮುಂದಾಳಿನ ಹೊಣೆ ದೊಡ್ಡದು.

ಖಾಲಿ ಪುಸ್ತಕದ ಸುಳ್ಳು ನೆಮ್ಮದಿ

1990ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಸಿಸಿದರು. ಒಳ್ಳೆಯ ಹೊಂದಾಣಿಕೆಯಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರಬಹುದೆಂಬುದು ಅವರ ನಿರೀಕ್ಷೆ. ಲೆಕ್ಕ ಬಂದಾಗ ಕಂಡದ್ದು ತದ್ವಿರುದ್ಧ: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಇನ್ನಷ್ಟು ಆಳಕ್ಕಿಳಿದು ನೋಡಿದಾಗ ಗುಟ್ಟು ಬಯಲಾಯಿತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ. ಆದ ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದವು. ಮೇಲ್ವಿಚಾರಕಿ ಗದರುವ ವಿಭಾಗಗಳಲ್ಲಿ ತಪ್ಪುಗಳು ನಡೆಯುತ್ತಿದ್ದರೂ ಬೆಳಕಿಗೆ ಬರುತ್ತಿರಲಿಲ್ಲ. ಈ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಮುಂದೆ 1999ರಲ್ಲಿ ಅವರು ಕಾರ್ಖಾನೆಯೊಂದರ 51 ತಂಡಗಳನ್ನು ಅಭ್ಯಸಿಸಿ, ‘ಹೇಳಿದರೆ ನನಗೆ ಅವಮಾನವಾಗದು’ ಎಂಬ ಭರವಸೆಯಿರುವ ತಂಡಗಳೇ ಹೆಚ್ಚು ಕಲಿಯುತ್ತವೆ ಎಂದು ತೋರಿಸಿದರು. ಇದಕ್ಕೆ ಅವರು ಮಾನಸಿಕ ಸುರಕ್ಷತೆ ಎಂಬ ಹೆಸರನ್ನು ಬಳಸಿದರು.

ಈ ಅಧ್ಯಯನವನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ವಾರ್ಡಿನ ಆ ಖಾಲಿ ಪುಸ್ತಕ. ಜ್ವರಮಾಪಕವನ್ನು ಒಡೆದುಹಾಕಿ ಜ್ವರವಿಲ್ಲವೆಂದು ನಾವು ಸಂತೋಷಪಟ್ಟಿದ್ದೆವು.

ಮೌನಕ್ಕೆ ತೆತ್ತ ಬೆಲೆ

ಇತಿಹಾಸದಲ್ಲಿ ಇಂಥ ಮೌನಕ್ಕೆ ಜನ ತೆತ್ತ ಬೆಲೆ ಸಣ್ಣದಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಕೆಲಸ ಮಾಡುತ್ತಿದ್ದ. ಅಲ್ಲಿ ಹೆರಿಗೆಯ ವಾರ್ಡುಗಳು ಎರಡು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ವೈದ್ಯರೂ ವಿದ್ಯಾರ್ಥಿಗಳೂ ಇದ್ದ ವಾರ್ಡಿನಲ್ಲಿ ಬಾಣಂತಿಜ್ವರದ ಸಾವು ಬಹಳ ಹೆಚ್ಚು. ಶವಪರೀಕ್ಷೆ ಮಾಡಿದ ಕೈಯಿಂದಲೇ ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವೆಂದು ಕಂಡುಕೊಂಡ ಆತ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯುವ ನಿಯಮ ತಂದ. ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನಿನ ಹೊತ್ತಿಗೆ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಆದರೆ ಮೇಲಧಿಕಾರಿ ಒಪ್ಪಲಿಲ್ಲ. ತಮ್ಮ ಕೈಯೇ ಸಾವಿನ ವಾಹನವೆಂಬುದನ್ನು ಒಪ್ಪಲು ಹಿರಿಯ ವೈದ್ಯರ ಪ್ರತಿಷ್ಠೆ ಅಡ್ಡಬಂತು. 1849ರಲ್ಲಿ ಆತನ ನೇಮಕ ಮುಂದುವರಿಯಲಿಲ್ಲ. ಸೆಮ್ಮೆಲ್‌ವೈಸನೂ ತನ್ನ ಮತವನ್ನು ವಿಸ್ತಾರವಾದ ಗ್ರಂಥವಾಗಿ ಬರೆದದ್ದು 1861ರಲ್ಲಿ ಮಾತ್ರ. ಬಲ್ಲವನು ತಡವಾಗಿ ಬರೆದ, ದೊಡ್ಡವರು ಕೇಳದೆ ಹೋದರು. ಎರಡರ ನಡುವೆ ಸತ್ತವರು ತಾಯಂದಿರು.

ಇನ್ನೊಂದು ಉದಾಹರಣೆ ಆಕಾಶಯಾನದ್ದು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನನಿಲ್ದಾಣದಲ್ಲಿ ಮಂಜು ಕವಿದಿತ್ತು. ಡಚ್ ವಿಮಾನದ ಹಿರಿಯ ಕಪ್ತಾನನು ಅಪ್ಪಣೆ ದೊರೆಯುವ ಮೊದಲೇ ವಿಮಾನವನ್ನು ಓಡಿಸತೊಡಗಿದ. ರೇಡಿಯೋ ಮಾತು ಕೇಳಿಸಿಕೊಂಡಿದ್ದ ವಿಮಾನದ ಎಂಜಿನಿಯರನು, ಎದುರಿನ ವಿಮಾನ ದಾರಿಯಿಂದ ಇನ್ನೂ ಸರಿದಿಲ್ಲವೇ ಎಂದು ಅನುಮಾನದಿಂದ ಕೇಳಿದ. ಸರಿದಿದೆ ಎಂದು ಕಪ್ತಾನ ಖಂಡಿತವಾಗಿ ಹೇಳಿಬಿಟ್ಟ. ಎಂಜಿನಿಯರು ಮತ್ತೆ ಮಾತನಾಡಲಿಲ್ಲ. ಕೆಲವೇ ಕ್ಷಣಗಳಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ತಿಳಿವಳಿಕೆ ಆ ಕೋಣೆಯಲ್ಲೇ ಇತ್ತು; ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ದಾಟಲಿಲ್ಲ. ಈ ದುರಂತದ ತರುವಾಯ 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಚಾರಗೋಷ್ಠಿ ನಡೆಸಿತು. ಕಿರಿಯರು ನಿರ್ಭಯವಾಗಿ ಹೇಳುವುದನ್ನೂ ಹಿರಿಯರು ತಾಳ್ಮೆಯಿಂದ ಕೇಳುವುದನ್ನೂ ಅಭ್ಯಾಸ ಮಾಡಿಸುವ ತರಬೇತಿ ಅಲ್ಲಿಂದ ಮುಂದೆ ವಿಮಾನಸಂಸ್ಥೆಗಳಲ್ಲಿ ಹಬ್ಬಿತು.

ಮೇಲಿನವರು ಬೆನ್ನಿಗೆ ನಿಂತಾಗ

ಬೆಂಬಲ ದೊರೆತರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೊಸ್ಟ್ 2001ರಲ್ಲಿ, ತೀವ್ರ ನಿಗಾ ಘಟಕದ ರೋಗಿಗಳ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಪಾಲಿಸಬೇಕಾದ ಐದೇ ಐದು ಅಂಶಗಳ ಪಟ್ಟಿಯನ್ನು ಬರೆದರು. ಕೈತೊಳೆಯುವುದು, ಚರ್ಮ ಶುದ್ಧಿ ಮಾಡುವುದು, ಶುದ್ಧವಾದ ಹೊದಿಕೆ ಹೊದಿಸುವುದು ಮುಂತಾಗಿ ಎಲ್ಲ ವೈದ್ಯರಿಗೂ ತಿಳಿದ ವಿಷಯಗಳೇ. ಒಂದು ತಿಂಗಳು ಸುಮ್ಮನೆ ಗಮನಿಸುತ್ತಿರಲು ನರ್ಸುಗಳಿಗೆ ಹೇಳಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಒಂದಾದರೂ ಅಂಶವನ್ನು ಬಿಟ್ಟಿದ್ದರು. ನರ್ಸುಗಳಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಆದರೆ ವೈದ್ಯನನ್ನು ತಡೆಯುವ ಅಧಿಕಾರ ಅವರಿಗೆ ಎಲ್ಲಿತ್ತು?

ಆಗ ಆಡಳಿತವರ್ಗ ಒಂದು ಸಣ್ಣ ಆಜ್ಞೆ ಹೊರಡಿಸಿತು: ಪಟ್ಟಿಯ ಅಂಶವೊಂದನ್ನು ವೈದ್ಯ ಬಿಟ್ಟರೆ ನರ್ಸು ಆತನನ್ನು ನಿಲ್ಲಿಸಬಹುದು, ಆಡಳಿತ ನರ್ಸಿನ ಪರ ನಿಲ್ಲುತ್ತದೆ. ನಳಿಕೆಯಿಂದ ಬರುವ ಸೋಂಕು ಅಲ್ಲಿ ಶೇಕಡಾ 11ರಿಂದ ಸೊನ್ನೆಗೆ ಇಳಿಯಿತು. 2003ರಿಂದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಘಟಕಗಳಲ್ಲಿ ಇದೇ ಪ್ರಯೋಗ ನಡೆದು, ಒಂದೂವರೆ ವರ್ಷದಲ್ಲಿ ಇಂಥ ಸೋಂಕು ಶೇಕಡಾ 66ರವರೆಗೆ ತಗ್ಗಿತೆಂದು 2006ರಲ್ಲಿ ವರದಿಯಾಯಿತು. ಅಲ್ಲಿ ಪ್ರತಿ ಘಟಕಕ್ಕೂ ಆಸ್ಪತ್ರೆಯ ಹಿರಿಯ ಅಧಿಕಾರಿಯೊಬ್ಬರನ್ನು ಜೋಡಿಸಿದ್ದರು. ತಾವಾಗಿ ವಾರ್ಡಿಗೆ ಬಂದು ನರ್ಸುಗಳ ಅಹವಾಲು ಕೇಳಿದಾಗಲೇ ಆ ಅಧಿಕಾರಿಗಳಿಗೆ ತಿಳಿದದ್ದು, ಚರ್ಮಶುದ್ಧಿಗೆ ಬೇಕಾದ ಕ್ಲೋರ್‌ಹೆಕ್ಸಿಡೀನ್ ದ್ರಾವಣವೇ ಬಹುಪಾಲು ಘಟಕಗಳಲ್ಲಿ ಇಲ್ಲವೆಂದು. ನರ್ಸುಗಳಿಗೆ ಕೊರತೆ ಗೊತ್ತಿತ್ತು, ಅಧಿಕಾರಿಗಳಿಗೆ ತರಿಸುವ ಶಕ್ತಿಯಿತ್ತು. ಇಬ್ಬರೂ ಕುಳಿತು ಮಾತನಾಡಿದ್ದಷ್ಟೇ ಹೊಸದು.

ಶಸ್ತ್ರಕ್ರಿಯೆಗೆ ಸಂಬಂಧಿಸಿದಂತೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪಟ್ಟಿಯೂ ಇಂಥದೇ. ನವದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಕತ್ತಿ ಇಡುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕೆಂಬುದು ಅದರ ಒಂದು ನಿಯಮ. ಕ್ಷುಲ್ಲಕವೆಂದು ತೋರಬಹುದು. ಆದರೆ ಒಮ್ಮೆ ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಂಡ ಕಿರಿಯಳಿಗೆ ಸಂಕಟದ ಹೊತ್ತಿನಲ್ಲಿ ‘ತಡೆಯಿರಿ’ ಎನ್ನಲು ಧೈರ್ಯ ಬರುತ್ತದೆ.

ಹಾಗಾದರೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಸಾಕೇ? ಸಾಲದು. ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ಈ ಪಟ್ಟಿಯನ್ನು ಕಡ್ಡಾಯಗೊಳಿಸಿ, 101 ಆಸ್ಪತ್ರೆಗಳ ಅಂಕಿಗಳನ್ನು 2014ರಲ್ಲಿ ಪ್ರಕಟಿಸಿದಾಗ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಇದಕ್ಕೆ ಕಾರಣಗಳನ್ನು ಕುರಿತು ತಜ್ಞರಲ್ಲಿ ವಾದವಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮನಸ್ಸು ಬದಲಾಗದೆ ಬಂದ ಕಾಗದ ಇನ್ನೊಂದು ಕಾಗದವಾಗಿ ಮಾತ್ರ ಉಳಿಯುತ್ತದೆ. ಗುರುತು ಹಾಕಿ ಸಹಿ ಮಾಡುವುದರಲ್ಲಿ ನಾವು ಭಾರತೀಯರು ಯಾರಿಗೂ ಕಡಿಮೆಯಿಲ್ಲವಷ್ಟೆ!

ಹೈದರಾಬಾದಿನ ಪ್ರಯೋಗ

ಇದೆಲ್ಲ ವಿದೇಶದ ಮಾತಾಯಿತು ಎನ್ನುವವರು ಹೈದರಾಬಾದಿನ ಕಡೆ ನೋಡಬಹುದು. ಜಪಾನಿನಲ್ಲಿ 1962ರಲ್ಲಿ ಆರಂಭವಾದ ಗುಣಮಟ್ಟ ವೃತ್ತಗಳೆಂಬ ಪದ್ಧತಿಯನ್ನು ಭಾರತದಲ್ಲಿ ಮೊದಲು ಕೈಗೊಂಡದ್ದು ರಾಮಚಂದ್ರಾಪುರದ ಬಿ.ಎಚ್.ಇ.ಎಲ್. ಕಾರ್ಖಾನೆ, 1980ರಲ್ಲಿ. ಒಂದೇ ವಿಭಾಗದ ಕೆಲವು ಕೆಲಸಗಾರರು ತಾವಾಗಿಯೇ ಒಂದು ಗುಂಪಾಗಿ, ನಿಯತವಾಗಿ ಕುಳಿತು, ತಮ್ಮ ಕೆಲಸದ ತೊಡಕುಗಳನ್ನು ಚರ್ಚಿಸಿ, ಪರಿಹಾರವನ್ನು ಆಡಳಿತದ ಮುಂದಿಡುವುದು ಇದರ ತಿರುಳು. ಯಂತ್ರದ ಬಳಿ ದಿನವೂ ನಿಲ್ಲುವವನಿಗೆ ಅದರ ಮರ್ಮ ಹೆಚ್ಚು ಗೊತ್ತು ಎಂಬ ಸರಳ ಸತ್ಯವೇ ಇದರ ಆಧಾರ. ಎರಡು ವರ್ಷಗಳ ಬಳಿಕ, 1982ರಲ್ಲಿ, ಈ ಚಳವಳಿಗಾಗಿ ಅಖಿಲ ಭಾರತ ಮಟ್ಟದ ವೇದಿಕೆಯೂ ಸ್ಥಾಪನೆಯಾಯಿತು.

ನಮ್ಮ ವಾರ್ಡಿಗೆ ಬಂದ ಬೆಳಕು

ಮತ್ತೆ ನಮ್ಮ ವಾರ್ಡಿನ ಕಥೆಗೆ ಬರೋಣ. ಕೆಲಕಾಲದ ಮೇಲೆ ಹೊಸ ಅಧೀಕ್ಷಕರು ಬಂದರು. ಅವರು ಮೊದಲ ವಾರದಲ್ಲೇ ಎಲ್ಲರನ್ನೂ—ವೈದ್ಯರು, ನರ್ಸುಗಳು, ವಾರ್ಡ್‌ಬಾಯ್‌ಗಳು, ಮಾವಶಿಯರು—ಒಂದೆಡೆ ಸೇರಿಸಿದರು. ಉಪದೇಶವನ್ನು ನಿರೀಕ್ಷಿಸಿ ನಾವೆಲ್ಲ ಕೈಕಟ್ಟಿ ನಿಂತಿದ್ದೆವು. ಅವರು ತಮ್ಮ ತಾರುಣ್ಯದಲ್ಲಿ ಔಷಧದ ಪ್ರಮಾಣ ಬರೆಯುವಾಗ ತಾವೇ ಮಾಡಿದ ಒಂದು ತಪ್ಪನ್ನು ಸಾವಕಾಶವಾಗಿ ವರ್ಣಿಸಿದರು. ‘ಒಬ್ಬ ಕಾಂಪೌಂಡರ್ ನನ್ನನ್ನು ತಡೆದ. ಆತ ತಡೆಯದಿದ್ದರೆ ನಾನು ಇಂದು ನಿಮ್ಮ ಮುಂದೆ ತಲೆಯೆತ್ತಿ ನಿಲ್ಲುತ್ತಿರಲಿಲ್ಲ’ ಎಂದರು. ಕೋಣೆ ಸ್ತಬ್ಧವಾಯಿತು.

ಆಮೇಲೆ ಅವರು ಎರಡು ನಿಯಮ ಹೇಳಿದರು. ತನ್ನ ತಪ್ಪನ್ನು ತಾನೇ ಬಂದು ಹೇಳಿದವರಿಗೆ ಮೆಮೊ ಇಲ್ಲ. ಬೇಕೆಂದೇ ಮಾಡಿದ ಅಥವಾ ಮುಚ್ಚಿಟ್ಟ ತಪ್ಪಿಗೆ ಮಾತ್ರ ಕ್ರಮವಿದೆ. ಪ್ರತಿ ಶನಿವಾರ ಇಪ್ಪತ್ತು ನಿಮಿಷ, ಕೆಲಸದ ವೇಳೆಯಲ್ಲೇ, ವಾರದಲ್ಲಿ ಕಲಿತದ್ದನ್ನು ಯಾರು ಬೇಕಾದರೂ ಹೇಳಬಹುದು, ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು.

ಮೊದಲ ಮೂರು ಶನಿವಾರ ಯಾರೂ ಬಾಯಿ ತೆರೆಯಲಿಲ್ಲ. ಅಧೀಕ್ಷಕರೂ ನಾವೂ ಮುಖ ಮುಖ ನೋಡಿಕೊಂಡು ಚಹಾ ಕುಡಿದು ಎದ್ದೆವು. ನಾಲ್ಕನೆಯ ಶನಿವಾರ ಹಿರಿಯ ಮಾವಶಿಯೊಬ್ಬಳು ಹಿಂದಿನ ಸಾಲಿನಿಂದ ಮರಾಠಿಯಲ್ಲಿ ಹೇಳಿದಳು: ‘ಮೂಲೆಯ ಹಾಸಿಗೆಯ ಗಂಟೆ ರಾತ್ರಿ ಕೇಳಿಸುವುದಿಲ್ಲ, ಫ್ಯಾನಿನ ಸದ್ದು ಜಾಸ್ತಿ. ಅದಕ್ಕೇ ಅಲ್ಲಿಯ ಅಜ್ಜಂದಿರು ತಾವೇ ಎದ್ದು ಬೀಳುತ್ತಾರೆ.’ ಆ ಹಾಸಿಗೆಯವರು ಬೀಳುವುದೇಕೆಂದು ನಾವು ವೈದ್ಯರು ರಕ್ತದೊತ್ತಡ, ನಿದ್ರೆಮಾತ್ರೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಮಾವಶಿಗೆ ವರ್ಷಗಳಿಂದ ಗೊತ್ತಿತ್ತು. ‘ಮೊದಲೇ ಏಕೆ ಹೇಳಲಿಲ್ಲ?’ ಎಂದು ಯಾರೋ ಕೇಳಿದರು. ‘ನನ್ನನ್ನು ಯಾರು ಕೇಳಿದರು?’ ಎಂದಳು ಅವಳು. ಸೋಮವಾರದೊಳಗೆ ಗಂಟೆ ಬದಲಾಯಿತು. ತಾನು ಹೇಳಿದ್ದು ನಡೆಯಿತೆಂದು ಎಲ್ಲರೂ ಕಂಡ ಮೇಲೆ ಶನಿವಾರಗಳಿಗೆ ಇಪ್ಪತ್ತು ನಿಮಿಷ ಸಾಲದಾಯಿತು.

ಮೆಮೊ ಪಡೆದಿದ್ದ ಆ ನರ್ಸು ಒಂದು ದಿನ ಎದ್ದುನಿಂತು ಆಂಪೂಲಿನ ಕಥೆಯನ್ನು ಪೂರ್ತಿ ಹೇಳಿದಳು. ನಿವೃತ್ತ ಸಿಸ್ಟರಿಗೆ ಫೋನು ಮಾಡಿ ಕಪಾಟಿನ ಕಾರಣವನ್ನೂ ಕೇಳಿ ತಿಳಿದಳು. ಬೀಗದ ಕಪಾಟು ಮತ್ತೆ ಬಂತು. ಈ ಬಾರಿ ಅದರ ಬಾಗಿಲ ಮೇಲೆ ಕಾರಣವನ್ನು ಮೂರು ಭಾಷೆಗಳಲ್ಲಿ ಬರೆದಿತ್ತು. ಅವಘಡ ಪುಸ್ತಕದಲ್ಲಿ ಸಾಲುಗಳು ತುಂಬತೊಡಗಿದವು. ಈಗ ಅದನ್ನು ಕಂಡು ಯಾರೂ ಗಾಬರಿಪಡಲಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಸಂಘದ ಸದಸ್ಯರಲ್ಲಿ ಬ್ಯಾಂಕಿನ ಅಧಿಕಾರಿಗಳಿದ್ದಾರೆ, ಹೋಟೆಲಿನ ಮಾಲೀಕರಿದ್ದಾರೆ, ಕಾರ್ಖಾನೆಯ ಮೇಲ್ವಿಚಾರಕರಿದ್ದಾರೆ, ಶಿಕ್ಷಕರಿದ್ದಾರೆ. ಅವರ ಉಪಯೋಗಕ್ಕಾಗಿ ಕೆಲವು ಸೂಚನೆಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ:

1. ಕೈಕೆಳಗಿನವರು ಮಾತನಾಡಬೇಕೆಂದು ಬಯಸುವ ಹಿರಿಯನು ‘ನನಗೆ ಗೊತ್ತಿಲ್ಲ’, ‘ನಾನು ತಪ್ಪಿದೆ’ ಎಂಬ ಮಾತುಗಳನ್ನು ಮೊದಲು ತಾನು ಆಡಿ ತೋರಿಸಬೇಕು.

2. ಕೆಟ್ಟ ಸುದ್ದಿ ತಂದವನಿಗೆ ಮೊದಲ ಮಾತು ಕೃತಜ್ಞತೆಯದಾಗಿರಲಿ. ವಿಚಾರಣೆ ಆಮೇಲೆ. ಬೇಜವಾಬ್ದಾರಿಗೂ ಅರಿಯದೆ ಆದ ತಪ್ಪಿಗೂ ಇರುವ ಅಂತರವನ್ನು ಮರೆಯಬಾರದು.

3. ಕಲಿಸುವುದೂ ಕೆಲಸವೇ. ಅದಕ್ಕೆ ಕೆಲಸದ ವೇಳೆಯಲ್ಲೇ ಸಮಯ ಕೊಡಬೇಕು. ಬಡ್ತಿಯ ಹೊತ್ತಿನಲ್ಲಿ ‘ಎಷ್ಟು ಜನರನ್ನು ತಯಾರು ಮಾಡಿದ್ದೀರಿ?’ ಎಂದು ಕೇಳಬೇಕು.

4. ಸಲಹೆ ಕೊಟ್ಟವರ ಹೆಸರನ್ನು ಸಲಹೆಯ ಜೊತೆಗೇ ಉಳಿಸಬೇಕು. ಕಿರಿಯನ ಯೋಚನೆಯನ್ನು ಹಿರಿಯನು ತನ್ನದೆಂದು ಹೇಳಿಕೊಂಡರೆ ಆ ಬಾಯಿ ಶಾಶ್ವತವಾಗಿ ಮುಚ್ಚಿತೆಂದೇ ತಿಳಿಯಬೇಕು.

5. ಪಾಳಿ ಬದಲಾಗುವಾಗ ಹೇಳಬೇಕಾದ ವಿಷಯಗಳಿಗೆ ಒಂದು ಕ್ರಮವಿರಲಿ. ಒಂಬತ್ತು ಆಸ್ಪತ್ರೆಗಳಲ್ಲಿ ಹೀಗೆ ಕ್ರಮವಾಗಿ ಹಸ್ತಾಂತರ ಮಾಡುವ ಪದ್ಧತಿ ತಂದಾಗ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು ಕಡಿಮೆಯಾದವೆಂದು 2014ರ ಅಧ್ಯಯನವೊಂದು ತಿಳಿಸಿದೆ.

6. ನಿವೃತ್ತಿಗೆ ಮುನ್ನ ಕೆಲವು ತಿಂಗಳಾದರೂ ಉತ್ತರಾಧಿಕಾರಿ ಜೊತೆಗಿದ್ದು ಕಲಿಯುವಂತಾಗಬೇಕು. ‘ಏನು ಮಾಡುತ್ತೀರಿ’ ಎಂಬುದನ್ನಷ್ಟೇ ಅಲ್ಲ, ‘ಏಕೆ ಹಾಗೆ ಮಾಡುತ್ತೀರಿ’ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಶಾಲು, ಹಾರಗಳು ಆಮೇಲೆ ಬಂದರೂ ಆದೀತು.

7. ಹೇಳಿದ ಮಾತಿಗೆ ಫಲ ಕಾಣಿಸಬೇಕು. ಮಾಡಲಾಗದಿದ್ದರೆ ಕಾರಣವನ್ನಾದರೂ ತಿಳಿಸಬೇಕು. ಉತ್ತರ ಬಾರದ ಸಲಹಾಪೆಟ್ಟಿಗೆಗೆ ಯಾರೂ ಎರಡನೆಯ ಚೀಟಿ ಹಾಕುವುದಿಲ್ಲ.

ಕೊನೆಯದಾಗಿ ಒಂದು ಮಾತು, ಗುಟ್ಟನ್ನು ಕಾಪಾಡಿಕೊಳ್ಳುವವರಿಗೆ. ತನ್ನೊಬ್ಬನಿಂದಲೇ ಕೆಲಸ ನಡೆಯುತ್ತದೆಂದು ಹೆಮ್ಮೆಪಡುವವನು ಮಗಳ ಮದುವೆಗೂ ನಿಶ್ಚಿಂತೆಯಿಂದ ರಜೆ ಹಾಕಲಾರ. ಕಾಯಿಲೆ ಬಿದ್ದರೂ ಹಾಸಿಗೆಯಲ್ಲಿ ನೆಮ್ಮದಿಯಿಂದ ಮಲಗಲಾರ. ವೈದ್ಯನಾಗಿ ಇಂಥವರನ್ನು ಬಹಳ ಮಂದಿ ಕಂಡಿದ್ದೇನೆ. ಕಲಿಸಿದವನ ಕೈ ಬರಿದಾಗುವುದಿಲ್ಲ. ಅವನಿಗೆ ದೊರೆಯುವುದು ಬಿಡುವು, ಶಿಷ್ಯರ ಗೌರವ, ಹಾಗೂ ಹೊಸದನ್ನು ಕಲಿಯುವ ಅವಕಾಶ. ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ. ಸೇದದೆ ಬಿಟ್ಟ ಬಾವಿ ಹೂಳು ತುಂಬಿ ಕೆಡುತ್ತದೆ.

ಊರು ಬಿಟ್ಟು ಬಂದ ನಮಗೆ ಈ ಮಹಾನಗರದಲ್ಲಿ ಮೊದಲ ಕೆಲಸ ಕಲಿಸಿದವರು ಯಾರೋ ಒಬ್ಬರಿದ್ದರು. ರೈಲು ಹತ್ತುವುದನ್ನು, ಅರ್ಜಿ ಬರೆಯುವುದನ್ನು, ಲೆಕ್ಕ ಹಿಡಿಯುವುದನ್ನು ತಮ್ಮ ಬಿಡುವನ್ನು ಕಳೆದು ಹೇಳಿಕೊಟ್ಟವರು ಅವರು. ಆ ಋಣವನ್ನು ಅವರಿಗೇ ಹಿಂದಿರುಗಿಸಲಾಗದು. ನಮ್ಮ ಹಿಂದೆ ಬರುವವರಿಗೆ ಸಲ್ಲಿಸಬಹುದು. ನಾಳೆ ಕೆಲಸಕ್ಕೆ ಹೋದಾಗ ವಾಚಕರು ತಮಗೆ ಮಾತ್ರ ತಿಳಿದಿರುವ ಒಂದು ವಿಷಯವನ್ನು ಪಕ್ಕದವರಿಗೆ ಹೇಳಿಕೊಡಲಿ. ತಮಗಿಂತ ಕಿರಿಯರೊಬ್ಬರನ್ನು ‘ನಿಮಗೇನು ಕಾಣುತ್ತದೆ?’ ಎಂದು ಕೇಳಲಿ. ಯಾರ ಕಪಾಟಿನಲ್ಲಿ ಯಾವ ಕೀಲಿಯಿದೆಯೋ, ಕೇಳದೆ ತಿಳಿಯುವುದು ಹೇಗೆ?